ಮುಳ್ಳುರೆಂಬೆಗೆ ಒಂದು ಸೀಟು

ಒಂದು ಕಾಲವಿತ್ತಂತೆ. ನೆರಳುಗಳು ಇನ್ನೂ ಮನುಷ್ಯರ ಕಾಲಿಗೆ ಅಂಟಿಕೊಳ್ಳದೆ ತಮ್ಮ ಪಾಡಿಗೆ ತಾವು ಓಡಾಡಿಕೊಂಡಿದ್ದ ಕಾಲ. ಆಗ ಹೊಳೆಯಾಚೆ ಒಬ್ಬ ರಾಕ್ಷಸನಿದ್ದ. ಅವನಿಗೆ ಬಿಳಿ ಹಾಸುಗಳ ಹುಚ್ಚು. ಅವನ್ನು ಒಗೆಯಲು ಹೊಳೆಯ ಈ ದಡದಿಂದ ಹೆಣ್ಣುಮಕ್ಕಳನ್ನು ಕರೆಸಿಕೊಳ್ಳುತ್ತಿದ್ದ. ಬಂದವರ ಕೊರಳಿಗೆಲ್ಲ ಒಂದು ತಾಯಿತ ಕಟ್ಟುತ್ತಿದ್ದ. 'ಇದು ಕೊರಳಲ್ಲಿದ್ದರೆ ಕಾಯಿಲೆ ಬಿದ್ದಾಗ ನನ್ನ ವೈದ್ಯರು ನಿಮ್ಮನ್ನು ಮುಟ್ಟುತ್ತಾರೆ. ಇದಿಲ್ಲದವರಿಗೆ ನನ್ನ ನಾಡಿನಲ್ಲಿ ನಿಲ್ಲಲು ಜಾಗವಿಲ್ಲ' ಎನ್ನುತ್ತಿದ್ದ. ತಾಯಿತಕ್ಕೆ ಬದಲಾಗಿ ಅವರು ದಿನದ ಮುದ್ದೆಯಲ್ಲಿ ಒಂದು ತುತ್ತು ಮುರಿದು ಅವನ ಬಾಯಿಗೆ ಹಾಕಬೇಕಿತ್ತು. ಅಲ್ಲಿಗೆ ಅಕ್ಕ ತಂಗಿ ಇಬ್ಬರು ಹೋದರು.

ನಮ್ಮ ಗೊಗೊ ಕಥೆ ಹೇಳುವುದು ಬೆಂಕಿಯ ಮುಂದೆ, ಕತ್ತಲಾದ ಮೇಲೆ ಮಾತ್ರ. ಗೊಗೊ ಎಂದರೆ ನಮ್ಮ ಅಜ್ಜಿ, ನಮ್ಮಿಬ್ಬರನ್ನು ಸಾಕಿದವಳು. ಹಗಲು ಕಥೆ ಹೇಳಿದವರ ಹಣೆಯಲ್ಲಿ ಕೊಂಬು ಮೂಡುತ್ತದೆ ಎಂದು ಹೆದರಿಸುತ್ತಿದ್ದಳು. ಈ ಕಥೆ ಅವಳದಲ್ಲ, ನನ್ನದು. ಹಗಲಲ್ಲೇ ಹೇಳುತ್ತಿದ್ದೇನೆ. ಕೊಂಬು ಮೂಡಿದರೆ ಮೂಡಲಿ. ಹಾಯಲಿಕ್ಕಾದರೂ ಆದೀತು.

ರಾಕ್ಷಸ ಇಲ್ಲ. ಜೋಹಾನ್ಸ್‌ಬರ್ಗ್ ಇದೆ. ಹೊಳೆ ಲಿಂಪೊಪೊ, ಎರಡು ದೇಶಗಳ ಗಡಿ. ಈ ದಡದ ಗ್ವಾಂಡಾ ಸೀಮೆಯ ನಮ್ಮ ಹಟ್ಟಿಯಿಂದ ಹೋದ ಅಕ್ಕನ ಹೆಸರು ದುದುಜಿಲೆ. ತಂಗಿ ಕೆತಿವೆ, ಅಂದರೆ ನಾನು.

ಹೊರಡುವ ದಿನ ಗೊಗೊ ಮಾತು ತೆಗೆದುಕೊಂಡದ್ದು ದೊಡ್ಡವಳಿಂದಲ್ಲ, ನನ್ನಿಂದ.

"ಇಬ್ರು ಹೋಗ್ತಿದೀರಿ. ಇಬ್ರೂ ಬರ್ಬೇಕು. ಕೆತಿ, ಇವಳನ್ನ ನಿನ್ನ ಕೈಗೆ ಕೊಡ್ತಿದೀನಿ."

"ಅವಳು ನನಗಿಂತ ದೊಡ್ಡವಳು ಗೊಗೊ."

"ದೊಡ್ಡವಳೇ. ಆದ್ರೆ ಇದು ನೋವಾದ್ರೂ ನಗೋ ಪ್ರಾಣಿ. ಇದಕ್ಕೆ ಏನಾಗಿದೆ ಅಂತ ಇದರ ಬಾಯಿಂದ ಗೊತ್ತಾಗಲ್ಲ. ನೀನೇ ಕರ್ಕೊಂಡು ಬರ್ಬೇಕು. ಮಾತು ಕೊಡು."

ಕೊಟ್ಟೆ. ದುದು ನಕ್ಕಳು.

ನಮಗೆ ಕೆಲಸ ಸಿಕ್ಕಿದ್ದು ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಶೆಡ್ಡು. ಬೆಳಿಗ್ಗೆ ತಳ್ಳುಗಾಡಿಗಳು ಬರುತ್ತವೆ. ಮೊದಲು ಕೈ ಹಾಕಿ ಬಿಡಿಸಬೇಕು. ರಕ್ತ, ಕೀವು, ಹೇಲು, ಹುಟ್ಟಿದ ಮಗುವಿನ ನೀರು, ಸತ್ತ ಮುದುಕರ ಉಚ್ಚೆ. ಕೈಗವಸು ಹರಿದರೆ ಹೊಸದು ಕೊಡುವುದಿಲ್ಲ. ಬ್ಲೀಚು ಬೆರಳಿನ ಸಂದಿಯ ಚರ್ಮ ತಿನ್ನುತ್ತದೆ. ಆಮೇಲೆ ಬಿಸಿ ಉರುಳೆಯ ಇಸ್ತ್ರಿ ಯಂತ್ರ. ಇಬ್ಬರು ಎರಡು ತುದಿ ಹಿಡಿದು ಎಳೆದು ಒಳಗೆ ಬಿಡಬೇಕು. ನಾನು ಎಡಕ್ಕೆ, ದುದು ಬಲಕ್ಕೆ. ಯಂತ್ರದ ಬಾಯಿಂದ ಬರುವ ಬಿಸಿಗೆ ನಮ್ಮ ಮುಖ ಒಣಗಿ ಬಿರಿದಿತ್ತು. ಪ್ರತಿ ಬೆಡ್‌ಶೀಟಿನ ಅಂಚಿಗೂ ನೀಲಿ ದಾರದಲ್ಲಿ ಆಸ್ಪತ್ರೆಯ ಗುರುತು.

ಕೆಲಸಕ್ಕೆ ಸೇರಿದ ವಾರವೇ ಮೇಲ್ವಿಚಾರಕಿ ಮಿಸೆಸ್ ಫೂರಿ ನಮ್ಮ ಕೈಗೆ ಹಸಿರು ಪ್ಲಾಸ್ಟಿಕ್ ಕಾರ್ಡು ಕೊಟ್ಟಳು.

"ಆರೋಗ್ಯ ವಿಮೆ. ಹೊರದೇಶದವರಿಗೆ ಇದು ಇಲ್ದೆ ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ದೆ ಕೆಲ್ಸ ಇಲ್ಲ. ಸಂಬಳದಲ್ಲಿ ಹಿಡ್ಕೋತೀವಿ."

ದುದು ಕಾರ್ಡಿಗೆ ಮುತ್ತು ಕೊಟ್ಟಳು. ಯಂತ್ರದ ಸದ್ದಿನ ಮೇಲೆ ಕೂಗಿ ಹೇಳಿದಳು:

"ಕೆತಿ, ಇನ್ಮೇಲೆ ಈ ಬೆಡ್‌ಶೀಟ್ ಮೇಲೆ ನಾವೂ ಮಲಗಬಹುದು ಕಣೆ. ನಾವೇ ಒಗೆದಿದ್ದು. ಘಮ ಗೊತ್ತಿರತ್ತೆ, ನಿದ್ದೆ ಚೆನ್ನಾಗಿ ಬರತ್ತೆ."

ಮಲಾವಿಯಿಂದ ಬಂದಿದ್ದ ಎಸ್ನಾತಮ್ಮ ನಮಗಿಂತ ಹಳಬಳು. ಬಟ್ಟೆ ಹಿಂಡುತ್ತಲೇ ಅಂದಳು:

"ಮಲಗೋಕೆ ಆಸೆ ಪಡಬೇಡ ಮಗಳೆ. ಆ ಕಾರ್ಡು ಪೊಲೀಸಿಗೆ ತೋರ್ಸೋಕೆ. ಡಾಕ್ಟ್ರಿಗಲ್ಲ."

ನಾವು ನಕ್ಕೆವು. ಮುದುಕಿ ಎಲ್ಲದಕ್ಕೂ ಹುಳಿ ಹಿಂಡುತ್ತಾಳೆ ಅಂದುಕೊಂಡೆವು.

ಹೀಗೇ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ದುದು ತುದಿ ಹಿಡಿದವಳು ಬಾಗಿದಳು. ಹೊಟ್ಟೆಯ ಬಲಭಾಗಕ್ಕೆ ಕೈ ಒತ್ತಿಕೊಂಡು ನಕ್ಕಳು. ಬೆಡ್‌ಶೀಟು ಸೊಟ್ಟಗೆ ಒಳಗೆ ಹೋಯಿತು.

"ಏನೇ, ಬಸುರಾ?" ಎಸ್ನಾತಮ್ಮ ಕೇಳಿದಳು.

"ಯಾರಿಂದ ಎಸ್ನಾತಮ್ಮ? ಈ ಮಶಿನ್ನಿಂದಾನಾ?"

ಆ ನಗು ನನಗೆ ಗೊತ್ತು. ಎಷ್ಟು ದಿನದಿಂದ ಹೀಗೆ ನಗುತ್ತಿದ್ದಳೋ. ಹಣೆ ಮುಟ್ಟಿದೆ. ಉರುಳೆಯಷ್ಟೇ ಬಿಸಿ.

ಸರಕಾರಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಗೇಟಿನಲ್ಲಿ ಒಂದು ಗುಂಪು ನಿಂತಿತ್ತು. ಡಾಕ್ಟರೂ ಅಲ್ಲ, ಪೊಲೀಸೂ ಅಲ್ಲ. ಬೀದಿಯ ಜನ. ಒಳಗೆ ಹೋಗುವವರ ಗುರುತಿನ ಚೀಟಿ ನೋಡಿ ಬಿಡುತ್ತಿದ್ದರು. ಒಬ್ಬ ಹೆಂಗಸು ದುದುವಿನ ಎದೆಗೆ ಕೈ ಕೊಟ್ಟು ಹಿಂದಕ್ಕೆ ನೂಕಿದಳು.

"ಇದು ನಮ್ಮ ಕ್ಲಿನಿಕ್ಕು. ನಮ್ಮ ಮಾತ್ರೆ ನಮ್ಮ ಮಕ್ಕಳಿಗೇ ಸಾಲಲ್ಲ. ನಿಮಗೆ ವಿಮೆ ಇದೆಯಲ್ಲ, ದುಡ್ಡಿನ ಆಸ್ಪತ್ರೆಗೆ ಹೋಗ್ರಿ."

"ನೋವಿದೆ ಅಮ್ಮ."

"ನಿಮ್ಮೂರಲ್ಲಿ ನೋವು ಪಡೋಕೆ ಜಾಗ ಇಲ್ವಾ?"

ಮಾರನೆಯ ಬೆಳಿಗ್ಗೆ ದುಡ್ಡಿನ ಆಸ್ಪತ್ರೆಗೆ ಹೋದೆವು. ನಾವು ಬೆಡ್‌ಶೀಟ್ ಒಗೆಯುತ್ತಿದ್ದ ಆಸ್ಪತ್ರೆಗೇ. ದುದುವೇ ಅಲ್ಲಿಗೆ ಅಂದಳು. ಗೇಟಿನ ಗಾರ್ಡು ಎತ್ತರದ ಆಳು, ಜುಲು ಜನಾಂಗದವನು. ಅವನ ಮಾತು ನಮ್ಮ ಮಾತು ಅಕ್ಕಪಕ್ಕದ ಮನೆಯವು. ಆದರೂ ನಾವು ಬಾಯಿ ಬಿಟ್ಟ ಕೂಡಲೇ ಎಲ್ಲಿಯವರೆಂದು ಅವನಿಗೆ ತಿಳಿಯಿತು.

"ಹೊಳೆ ದಾಟಿ ಬಂದವರಾ? ಕಾರ್ಡು?"

ದುದು ತೋರಿಸಿದಳು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, ತುರ್ತು ಚಿಕಿತ್ಸೆಯ ಬಾಗಿಲ ಹೊರಗಿದ್ದ ಬೆಂಚು ತೋರಿಸಿದ.

"ಅಲ್ಲಿ ಕೂತಿರಿ. ಒಳಗೆ ಕಾಲಿಡಬೇಡಿ. ಕಿಟಕೀಲಿ ಕೇಳಿ."

ಕಿಟಕಿಯ ಹಿಂದಿನ ಹುಡುಗಿ ಕಂಪ್ಯೂಟರು ನೋಡಿದಳು.

"ಈ ವಿಮೆ ನಿಂತುಹೋಗಿದೆ. ಪರ್ಮಿಟ್ ಅವಧಿ ಮುಗಿದಿದೆ ನೋಡಿ."

"ಹೊಸದಕ್ಕೆ ಅರ್ಜಿ ಹಾಕಿದೀವಿ ಮೇಡಂ. ಯಾವಾಗ್ಲೋ ಹಾಕಿದೀವಿ."

"ಅದು ಬರೋವರೆಗೂ ವಿಮೆ ನಡೆಯಲ್ಲ."

"ವಿಮೆ ನಡೀತಿದೆ ಅಂತ ತೋರಿಸಿದ್ರೇನೇ ಪರ್ಮಿಟ್ ಕೊಡೋದಂತೆ."

"ಅದು ನಿಮಗೂ ಅವರಿಗೂ ಬಿಟ್ಟಿದ್ದು."

"ಹೋದ ತಿಂಗಳೂ ಸಂಬಳದಲ್ಲಿ ಹಿಡಿದಿದಾರೆ ಮೇಡಂ."

"ಹಿಡಿದವರನ್ನ ಕೇಳಿ."

ಅವಳು ಕೆಟ್ಟವಳಲ್ಲ. ಒಂದು ಲೋಟ ನೀರು ಕೊಟ್ಟಳು. ಒಬ್ಬ ನರ್ಸು ಹೊರಗೆ ಬಂದು ದುದುವಿನ ಹೊಟ್ಟೆ ಒತ್ತಿ ನೋಡಿದಳು. ಅಪೆಂಡಿಕ್ಸು, ಕರುಳಿನ ಬಾಲ ಬಾತಿದೆ, ಇವತ್ತೇ ಕೊಯ್ಯಬೇಕು ಅಂದಳು. ನೋವಿಗೆ ಒಂದು ಸೂಜಿ ಚುಚ್ಚಿದಳು. ಆದರೆ ಕೊಯ್ಯುವ ಮುಂಚೆ ಠೇವಣಿ ಇಡಬೇಕು, ಇಲ್ಲದಿದ್ದರೆ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದಳು. ಆಂಬುಲೆನ್ಸು ಕೇಳಿದೆ. ಅದಕ್ಕೂ ವಿಮೆ ಬೇಕಂತೆ. ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದ ಟ್ಯಾಕ್ಸಿಯವರೂ ದುದುವಿನ ಮುಖ ನೋಡಿ ಹೊರಟುಹೋದರು. ಮಿಸೆಸ್ ಫೂರಿಗೆ ಫೋನು ಮಾಡಿದೆ.

"ಇಬ್ರೂ ಬಂದಿಲ್ಲ ಇವತ್ತು. ನನ್ನ ಉರುಳೆ ಖಾಲಿ ನಿಂತಿದೆ. ಶಿಫ್ಟು ಮುಗೀಲಿ, ವಿಚಾರಿಸ್ತೀನಿ" ಅಂದಳು.

ನಾನು ಬೆಂಚಿಗೆ ವಾಪಸು ಬಂದೆ. ಅದು ಕಬ್ಬಿಣದ ಬೆಂಚು. ಬಿಸಿಲಿಗೆ ಕಾದಿತ್ತು. ದುದು ನನ್ನ ತೊಡೆಯ ಮೇಲೆ ತಲೆ ಇಟ್ಟಳು. ಪಕ್ಕದ ಗೇಟಿನಿಂದ ನಮ್ಮ ಲಾಂಡ್ರಿಯ ವ್ಯಾನು ಒಳಗೆ ಹೋಯಿತು. ಗಾರ್ಡು ಕೈ ಎತ್ತಿ ಸಲಾಮು ಹೊಡೆದ. ಬಿಳಿ ಕಟ್ಟುಗಳು ಒಂದೊಂದಾಗಿ ಇಳಿದವು.

"ನೋಡೆ" ದುದು ಅಂದಳು. "ನಮ್ಮ ಬೆಡ್‌ಶೀಟು ಒಳಗೆ ಹೋಗ್ತಿವೆ. ಅವಕ್ಕೆ ಯಾರೂ ಕಾರ್ಡು ಕೇಳಲ್ಲ."

ಮಧ್ಯಾಹ್ನ ನೋವು ತಟ್ಟನೆ ನಿಂತಿತು. ಅವಳು ಕಾಲು ನೀಡಿಕೊಂಡಳು. ಸೂಜಿ ಕೆಲಸ ಮಾಡಿತು ಅಂದುಕೊಂಡೆ. ನನಗೆ ಸಂತೋಷವಾಯಿತು. ಒಳಗೆ ಅದು ಒಡೆದಿತ್ತು ಎಂದು ಆಮೇಲೆ ಹೇಳಿದರು. ಹೊತ್ತು ಇಳಿಯುವಾಗ ಅವಳ ಹಲ್ಲು ಕಟಕಟ ಎನ್ನತೊಡಗಿದವು. ಉಗುರು ಕಪ್ಪಾದವು. ನಾನು ಬಾಗಿಲು ಬಡಿದೆ. ಗಾಜಿಗೆ ನನ್ನ ಬೆವರಿನ ಅಂಗೈ ಅಂಟಿತು. ಗಾರ್ಡು ಬಂದು ನನ್ನ ರಟ್ಟೆ ಹಿಡಿದು ಎಳೆದ.

"ಗಾಜು ಒಡೆದ್ರೆ ಯಾರು ಕಟ್ಟಿಕೊಡ್ತಾರೆ? ಹೋಗು, ಕೂತ್ಕೋ."

"ಕೆತಿ" ಎಂದಳು ದುದು ಬೆಂಚಿನಿಂದ. "ಮನೆಗೆ ಹೋಗೋಣ. ಗೊಗೊ ಕಾಯ್ತಿರ್ತಾಳೆ."

ಆ ಹೊತ್ತು ಅವಳು ನಗಲಿಲ್ಲ.

ಅವಳು ಸತ್ತ ಮೇಲೆ ಬಾಗಿಲು ತೆರೆದರು. ಹೆಣ ಹೊರಗೆ, ಬರುವವರ ಕಣ್ಣಿಗೆ ಬೀಳುವಂತೆ ಇರಬಾರದಂತೆ. ಗಾಲಿಯ ಮಂಚ ಬಂತು. ಎತ್ತಿ ಮಲಗಿಸಿದರು. ಕೆಳಗೂ ಮೇಲೂ ಬಿಳಿ ಬೆಡ್‌ಶೀಟು. ಅಂಚಿನಲ್ಲಿ ನೀಲಿ ದಾರ. ನಮ್ಮ ಅಕ್ಕ ತಾನು ಒಗೆದ ಬಟ್ಟೆಯ ಮೇಲೆ ಮಲಗಿದಳು.

ಹೆಣವನ್ನು ಹೊಳೆ ದಾಟಿಸುವ ಶಕ್ತಿ ನನಗಿರಲಿಲ್ಲ. ಲಾಂಡ್ರಿಯ ಹೆಂಗಸರು ಗಂಟು ಬಿಚ್ಚಿ ಕೊಟ್ಟ ದುಡ್ಡೆಲ್ಲ ಶವಾಗಾರಕ್ಕೇ ಸರಿಹೋಯಿತು. ನಗರದ ಅಂಚಿನಲ್ಲಿ, ಯಾರೂ ಇಲ್ಲದವರ ಸಾಲಿನಲ್ಲಿ ಹೂಳಿದರು. ಮೂರನೆಯ ದಿನ ನಾನು ಉರುಳೆಯ ಮುಂದೆ ನಿಂತಿದ್ದೆ. ಬಲ ತುದಿಗೆ ಎಸ್ನಾತಮ್ಮ ಬಂದಿದ್ದಳು.

ಮಿಸೆಸ್ ಫೂರಿ ಬಂದು ನನ್ನ ಹೆಗಲು ತಟ್ಟಿದಳು.

"ನಿನ್ನಕ್ಕನ ವಿಷ್ಯ ಬೇಜಾರಾಯ್ತು. ನೋಡು, ನಿನಗೂ ಹೀಗಾಗಬಾರದು. ಬೇರೆ ಕಂಪನಿಯ ವಿಮೆ ತಂದಿದೀನಿ. ಸ್ವಲ್ಪ ಜಾಸ್ತಿ ಹಿಡೀತಾರೆ. ತಗೋ."

ಹೊಸ ಕಾರ್ಡು. ಇದೂ ಹಸಿರು. ಅಂಗೈಯಲ್ಲಿ ಇಟ್ಟಳು. ನನ್ನ ಮುಂದೆ ಒದ್ದೆ ಬೆಡ್‌ಶೀಟಿತ್ತು. ನೀಲಿ ದಾರದ್ದು.

"ಬೇಡ" ಅಂದೆ.

"ಬೇಡ ಅನ್ನೋ ಹಾಗಿಲ್ಲ. ನಿಯಮ."

"ಬೇಡ."

"ಏಯ್, ಇದಿಲ್ದೆ ನೀನು ಇಲ್ಲಿ ಇರೋ ಹಾಗೇ ಇಲ್ಲ."

"ಇದು ಇದ್ದೂ ನಮ್ಮಕ್ಕ ಇಲ್ಲ."

ಕಾರ್ಡನ್ನು ಬೆಡ್‌ಶೀಟಿನ ನಡುವೆ ಇಟ್ಟೆ. ತುದಿ ಹಿಡಿದೆ. ಎಸ್ನಾತಮ್ಮ ನನ್ನನ್ನು ನೋಡಿದಳು, ತನ್ನ ತುದಿ ಹಿಡಿದಳು. ಇಬ್ಬರೂ ಎಳೆದು ಉರುಳೆಯ ಬಾಯಿಗೆ ಬಿಟ್ಟೆವು. ಚುರ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಶೆಡ್ಡು ತುಂಬಿತು. ಆಚೆ ಕಡೆಯಿಂದ ಬೆಡ್‌ಶೀಟು ಬಂದಾಗ ನಡುಮಧ್ಯೆ ಹಸಿರು ಹುಣ್ಣು. ಉರುಳೆಯ ಮೈಗೂ ಅಂಟಿತ್ತು. ಯಂತ್ರ ನಿಲ್ಲಿಸಿದರು.

ಮಿಸೆಸ್ ಫೂರಿ ಆ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದಳು. "ಇದನ್ನೂ ತಗೊಂಡು ತೊಲಗು. ಇದರ ಲೆಕ್ಕ ನಿನ್ನ ಸಂಬಳದಲ್ಲೇ." ಎಸ್ನಾತಮ್ಮನ ಕಡೆ ತಿರುಗಿದಳು. "ನೀನೂ ಹಿಡಿದೆಯಾ?"

"ಹಿಡಿದೆ. ತುದಿ ಹಿಡಿಯೋಕೇ ಅಲ್ವಾ ನನ್ನ ಇಟ್ಕೊಂಡಿರೋದು" ಎಂದಳು ಎಸ್ನಾತಮ್ಮ. ಅವಳನ್ನೂ ಕಳಿಸಿದರು. ಗೆಲುವು ಅಂತ ಏನೂ ಆಗಲಿಲ್ಲ. ಸಂಜೆಯೊಳಗೆ ನಮ್ಮ ಜಾಗಕ್ಕೆ ಬೇರೆ ಇಬ್ಬರು ಬಂದಿದ್ದರು.

ಊರಿಂದ ಜೋಹಾನ್ಸ್‌ಬರ್ಗಿಗೆ ಜನ, ಸಾಮಾನು ಸಾಗಿಸುವ ವ್ಯಾನಿನ ಮೆಹ್ಲುಲಿ ಆ ವಾರ ಬಂದ. ಅವನ ಕೈಯಲ್ಲಿ, ಸುದ್ದಿ ಮುಟ್ಟಿದ ಮೇಲೆ ಗೊಗೊ ಕಳಿಸಿದ ಮುಳ್ಳಿನ ರೆಂಬೆ. ನಮ್ಮ ಹಟ್ಟಿಯ ಹಿಂದಿನ ಮರದ್ದು.

ಬೇರೆ ನೆಲದಲ್ಲಿ ಸತ್ತವರ ನೆರಳು ಸತ್ತ ಜಾಗದಲ್ಲೇ ಕೂತಿರುತ್ತದೆ. ತನ್ನಷ್ಟಕ್ಕೆ ದಾರಿ ಗೊತ್ತಾಗುವುದಿಲ್ಲ. ರೆಂಬೆ ಹಿಡಿದು ಹೆಸರು ಕರೆದರೆ ಮುಳ್ಳಿಗೆ ಸಿಕ್ಕಿಕೊಂಡು ಜೊತೆಗೆ ಬರುತ್ತದೆ. ರೆಂಬೆ ಹಿಡಿದವರು ದಾರಿಯುದ್ದಕ್ಕೂ ಅದರೊಂದಿಗೆ ಮಾತ್ರ ಮಾತಾಡಬೇಕು. ಬದುಕಿರುವವರ ಜೊತೆ ಒಂದು ಮಾತಾಡಿದರೂ ಅದು ಅಲ್ಲೇ ಇಳಿದುಬಿಡುತ್ತದೆ.

"ಇದು ಹಿರಿಯರು ಮಾಡೋದು, ನಂಗೊತ್ತು" ಮೆಹ್ಲುಲಿ ಅಂದ. "ಗೊಗೊಗೆ ಕಾಲು ಬರಲ್ಲ, ಕಣ್ಣೂ ಮಂಜಾಗಿದೆ. ಮಾತು ಕೊಟ್ಟವಳು ಕೆತಿ, ಕರ್ಕೊಂಡು ಬರೋದೂ ಅವಳೇ ಅಂತ ಹೇಳಿ ಕಳಿಸಿದಾಳೆ. ಬಾಯಿ ನಾನಾಗ್ತೀನಿ. ನೀನು ರೆಂಬೆ ಹಿಡ್ಕೊ."

ಹಸಿರು ಕಲೆಯ ಬೆಡ್‌ಶೀಟಿನಲ್ಲಿ ರೆಂಬೆಯ ಬುಡ ಸುತ್ತಿ ಹಿಡಿದು ಆಸ್ಪತ್ರೆಯ ಗೇಟಿಗೆ ಹೋದೆವು. ಅದೇ ಗಾರ್ಡು.

"ಮತ್ತೆ ನೀನಾ? ಕಾರ್ಡಿಲ್ದೆ..." ಎಂದವನು ರೆಂಬೆ ನೋಡಿದ. ಅವನ ಊರಿನಲ್ಲೂ ಇದೇ ಮರ, ಇದೇ ಪದ್ಧತಿ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಗೇಟು ಪೂರ್ತಿ ತೆರೆದ. ತಲೆ ತಗ್ಗಿಸಿ ಪಕ್ಕಕ್ಕೆ ನಿಂತ. ಕಿಟಕಿಯ ಹುಡುಗಿ ಎದ್ದು ಬಂದು ಯಾರು ಏನು ಎಂದು ಕೇಳತೊಡಗಿದಾಗ ಅವನೇ ತಡೆದ.

"ಅವಳನ್ನ ಮಾತಾಡಿಸಬೇಡಿ ಮೇಡಂ. ಅವಳ ಅಕ್ಕನ್ನ ಕರ್ಕೊಂಡು ಹೋಗೋಕೆ ಬಂದಿದಾಳೆ."

ಬದುಕಿದ್ದವಳಿಗೆ ತೆರೆಯದ ಗೇಟು ಸತ್ತವಳಿಗೆ ತೆರೆಯಿತು. ಆ ತಗ್ಗಿದ ತಲೆಗೆ ಉಗಿಯಬೇಕು ಅನ್ನಿಸಿತು. ಉಗುಳು ನುಂಗಿದೆ. ನನ್ನ ಬಾಯಿ ನನ್ನದಾಗಿರಲಿಲ್ಲ.

ಬೆಂಚಿನ ಮೇಲೆ ರೆಂಬೆ ಇಟ್ಟೆ.

"ದುದುಜಿಲೆ, ಅಕ್ಕಾ. ನಾನು ಕೆತಿ. ಈ ಬೆಂಚು ನಿಂದಲ್ಲ. ಏಳು. ಮನೆಗೆ ಹೋಗೋಣ ಅಂದ್ಯಲ್ಲ, ಗಾಡಿ ತಂದಿದೀನಿ."

ರೆಂಬೆ ಎತ್ತಿದಾಗ ಕೈಗೆ ಭಾರವಾಯಿತು. ಗೊಗೊಳ ಕಥೆಗಳಲ್ಲಿ ಬೆಳೆದವಳು ನಾನು. ಭಾರವಾಯಿತು ಅಂದರೆ ಭಾರವಾಯಿತು.

ವ್ಯಾನಿನಲ್ಲಿ ಕಿಟಕಿಯ ಪಕ್ಕದ ಸೀಟು ಅವಳಿಗೆ. ಅದಕ್ಕೂ ಬಾಡಿಗೆ ಕೊಟ್ಟಿದ್ದೆ. ಮೆಹ್ಲುಲಿ ಬೆಲ್ಟು ಎಳೆದು ರೆಂಬೆಗೆ ಕಟ್ಟಿದ. ದಾರಿಯಲ್ಲಿ ನಿಲ್ಲಿಸಿ ಮುದ್ದೆ ತಿನ್ನುವಾಗ ಅವಳ ಪಾಲಿನ ಒಂದು ತುತ್ತು ರೆಂಬೆಯ ಪಕ್ಕ ಇಟ್ಟ. "ದುದು, ನಿನ್ನ ಪಾಲಿಂದ ಯಾರೂ ಮುರ್ಕೊಳಲ್ಲ ಇವತ್ತು" ಅಂದ. ದಾರಿಯುದ್ದಕ್ಕೂ ಇಳಿದಾಗ ಹತ್ತಿದಾಗೆಲ್ಲ ಅವಳನ್ನೂ ಸೇರಿಸಿ ತಲೆ ಎಣಿಸಿದ. ಗಡಿಯಲ್ಲಿ ಆ ಎಣಿಕೆಯೇ ಕಷ್ಟಕ್ಕೆ ಬಂತು.

ಬಿಸಿಲು ನೆತ್ತಿಗೆ ಬಂದಿತ್ತು. ಅಧಿಕಾರಿ ಕಿಟಕಿಗೆ ಬಾಗಿ "ಎಷ್ಟು ಜನ?" ಎಂದ. ಮೆಹ್ಲುಲಿ ಎಣಿಸಿದ ರೂಢಿಯಲ್ಲೇ "ಏಳು" ಅಂದುಬಿಟ್ಟ. ಅಧಿಕಾರಿ ಇಣುಕಿದ.

"ಆರು ತಲೆ ಇದೆ. ಏಳನೆಯವನನ್ನ ಎಲ್ಲಿ ಅಡಗಿಸಿದೀಯ?"

"ತಪ್ಪಾಯ್ತು ಸರ್, ಆರೇ."

"ಈಗ ಆರಾ? ಎಲ್ಲ ಇಳಿಸು."

ಹಾಸಿಗೆ, ಬಕೆಟ್ಟು, ಎಣ್ಣೆ ಡಬ್ಬಿ, ಯಾರದೋ ಬೀರು, ಎಲ್ಲ ನೆಲಕ್ಕಿಳಿಯಿತು. ಸೀಟಿನ ಕೆಳಗೆ ಕೋಲು ಹಾಕಿ ತಿವಿದರು. ನಾನು ಕದಲಲಿಲ್ಲ.

"ಇಳಿಯೇ. ಕಿವುಡಿಯಾ?"

"ಅವಳು ಮಾತಾಡಲ್ಲ ಸರ್" ಮೆಹ್ಲುಲಿ ಬೆವರು ಒರೆಸಿಕೊಂಡ. "ಏಳನೆಯವಳು ಅವಳ ಪಕ್ಕದಲ್ಲಿದಾಳೆ. ಆ ರೆಂಬೆ. ಅವಳಕ್ಕ."

ಅಧಿಕಾರಿ ರೆಂಬೆ ನೋಡಿದ. ಬೆಲ್ಟು ನೋಡಿದ. ನಕ್ಕ.

"ಅವಳಕ್ಕನ ಪಾಸ್‌ಪೋರ್ಟು? ವಿಮೆ ಮಾಡಿಸಿದಾಳಾ?" ನನ್ನ ಪಾಸ್‌ಪೋರ್ಟು ತೆರೆದ. ನಗು ಹೋಯಿತು. "ನಿನ್ನ ಪರ್ಮಿಟ್ ಮುಗಿದು ಕಾಲ ಆಗಿದೆ. ಯಾಕೆ ಮುಂದುವರಿಸಿಕೊಳ್ಲಿಲ್ಲ? ಕಾರಣ ಇದ್ರೆ ಬರೀತೀನಿ, ಹೇಳು. ಇಲ್ದಿದ್ರೆ ಮತ್ತೆ ವರ್ಷಗಟ್ಟಲೆ ಈ ಕಡೆ ತಲೆ ಹಾಕೋ ಹಾಗಿಲ್ಲ."

ಒಂದು ಮಾತು ಹೇಳಿದರೆ ನನ್ನ ಮುಂದಿನ ಕೂಳು ಉಳಿಯುತ್ತಿತ್ತೇನೋ. ಆದರೆ ದುದು ಅಲ್ಲೇ, ಸೇತುವೆ ದಾಟುವ ಮೊದಲೇ ಇಳಿದುಬಿಡುತ್ತಿದ್ದಳು. ನಾನು ರೆಂಬೆಯ ಕಡೆ ತಿರುಗಿದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ಇಲ್ಲಿ ಸೇತುವೆ ಬಂತು. ಕೆಳಗೆ ಲಿಂಪೊಪೊ. ಈ ಸಾಹೇಬ್ರು ನಿನ್ನ ಕಾರ್ಡು ಕೇಳ್ತಿದಾರೆ. ಬಿಸಿಲಲ್ಲಿ ಇಡೀ ದಿನ ಬೆಂಚಿನ ಮೇಲೆ ಕಾರ್ಡು ಹಿಡ್ಕೊಂಡು ಕೂತಿದ್ಯಲ್ಲ, ಸಾಕು. ಇನ್ನು ಯಾರಿಗೂ ತೋರಿಸ್ಬೇಡ. ನಾನೂ ತೋರಿಸಲ್ಲ. ಕಾಲು ಜೋಪಾನ, ದಾಟು."

ಅಧಿಕಾರಿ ನನ್ನನ್ನು ನೋಡಲಿಲ್ಲ. ಮುದ್ರೆ ಒತ್ತಿದ. ಮತ್ತೆ ಬರಬಾರದೆಂಬ ಮುದ್ರೆ. ಪಾಸ್‌ಪೋರ್ಟನ್ನು ನನ್ನ ತೊಡೆಯ ಮೇಲೆ ಎಸೆದು ಹೋದ.

ನಮ್ಮ ಹಟ್ಟಿ ಮುಟ್ಟಿದಾಗ ಮೇಕೆಗಳು ಇನ್ನೂ ಹೊರಗಿದ್ದವು. ಮರದ ಕೆಳಗೆ ಪಕ್ಕದ ಹಟ್ಟಿಯ ಹುಡುಗಿಯರಿಬ್ಬರು ಗಂಟು ಹಿಡಿದು ಕಾಯುತ್ತಿದ್ದರು. ಮೆಹ್ಲುಲಿಯ ವ್ಯಾನು ಖಾಲಿ ಹಿಂತಿರುಗುವುದಿಲ್ಲ. ರೆಂಬೆ ಕಂಡು ಇಬ್ಬರೂ ಕಣ್ಣು ತಗ್ಗಿಸಿದರು. ನಾನು ಇಳಿದೆ. ಅವರು ಹತ್ತಿದರು. ಚಿಕ್ಕವಳು ದುದುವಿನ ಸೀಟಿನಲ್ಲೇ ಕೂತಳು.

"ಮೆಹ್ಲುಲಿ ಅಣ್ಣ, ಅಲ್ಲಿ ಹುಷಾರು ತಪ್ಪಿದ್ರೆ ಯಾರು ನೋಡ್ಕೋತಾರೆ?" ಅವಳು ಕೇಳಿದಳು.

ಮೆಹ್ಲುಲಿ ನನ್ನನ್ನು ನೋಡಿದ. ನೆಲ ನೋಡಿದ. ಅವನಿಗೂ ಮಕ್ಕಳಿದ್ದಾರೆ, ವ್ಯಾನಿನ ಕಂತಿದೆ.

"ಕಾರ್ಡು ಕೊಡ್ತಾರೆ" ಅಂದ.

ನನ್ನ ಬಾಯಿ ತುಂಬ ಮಾತು. ಹಲ್ಲು ಕಚ್ಚಿದೆ. ಹೊಸಿಲಿಗೆ ಇನ್ನೂ ಅಂಗಳದಷ್ಟು ದಾರಿ ಇತ್ತು. ಕೈಯಲ್ಲಿ ಅಕ್ಕ ಇದ್ದಳು. ನಡೆದೆ. ಹಿಂದೆ ಇಂಜಿನ್ನು ಗುರ್ರೆಂದಿತು. ಓಡಿದೆ. ಮುಳ್ಳು ಅಂಗೈಗೆ ಇಳಿಯಿತು.

ಗುಡಿಸಲ ಒಳಗೆ, ಹಿಂಗೋಡೆಯ ಹಿರಿಯರ ಜಾಗದಲ್ಲಿ ಗೊಗೊ ನೆಲ ಸಾರಿಸಿ ಕಾದಿದ್ದಳು. ಮಂಡಿಯೂರಿದೆ. ಬೆಡ್‌ಶೀಟು ಹಾಸಿ ಅದರ ಮೇಲೆ ರೆಂಬೆ ಇಟ್ಟೆ.

"ದುದುಜಿಲೆ, ಇದು ಮನೆ. ಇಳಿ."

ಹೊರಗೆ ವ್ಯಾನು ಹಾರ್ನು ಹೊಡೆಯಿತು. ಸದ್ದು ದೂರವಾಯಿತು. ಗೊಗೊ ಕೈಯಿಂದ ತಡಕಿ ಮೊದಲು ಮುಳ್ಳು ಮುಟ್ಟಿದಳು, ಬಟ್ಟೆಯ ನಡುವಿನ ಗಟ್ಟಿ ಕಲೆ ಮುಟ್ಟಿದಳು, ಆಮೇಲೆ ನನ್ನ ಮುಖ ಮುಟ್ಟಿದಳು.

"ಇಬ್ರೂ ಬಂದ್ರಾ?"

"ಬಂದ್ವಿ ಗೊಗೊ."